ಪಾತ್ರೆ ತಿಕ್ಕುವ ಬೂದಿಯಲ್ಲ ಇದು

2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹಾಯ್ಲಿ ಗುಬ್ಬಿ ಜ್ವಾಲಾಮುಖಿ ಸಿಡಿದು ಅದರ ಬೂದಿ ಗುಜರಾತ್, ದೆಹಲಿ ಮೇಲೆ ಹಾದುಹೋಯಿತಲ್ಲ, ಆಗಿನ ಮಾತು. ಬಾಗಲಕೋಟೆಯ ನಮ್ಮ ನೀರು ಪರೀಕ್ಷೆ ಲ್ಯಾಬಿಗೆ ಹುನಗುಂದ ಕಡೆಯ ಕುರಿಗಾಹಿಯೊಬ್ಬರು ಬೋರ್ ನೀರಿನ ಬಾಟಲಿ ಹಿಡಿದು ಬಂದರು. ಕೇಳಿದ್ದು ಮಾತ್ರ ಬೂದಿ ಬಗ್ಗೆ. “ಸರ, ಅದು ನಮ್ಮ ಕಡೆ ಬಿದ್ರ ಕುರಿಗೆ ಏನಾರ ಆಗ್ತದೇನ್ರಿ?”

ಅದು ವಿಮಾನ ಹಾರುವ ಎತ್ತರದಲ್ಲಿತ್ತು, ನಮ್ಮ ಹೊಲಕ್ಕೆ ಬೀಳಲಿಲ್ಲ. ಆದರೂ ಎಲ್ಲರೂ ವಿಮಾನದ ಚಿಂತೆಯಲ್ಲಿದ್ದಾಗ ಇವರು ಕುರಿ ನೆನೆಸಿದ್ದು ಸರಿಯಾಗಿಯೇ ಇತ್ತು.

ಬೂದಿ ಅಂದಕೂಡಲೇ ನಮಗೆ ಒಲೆ ನೆನಪಾಗುತ್ತದೆ. ಒಲೆಯ ಬೂದಿ ನೀರಿಗೆ ಬಿದ್ದರೆ ನೀರು ಕ್ಷಾರವಾಗುತ್ತದೆ, ಅದಕ್ಕೇ ಪಾತ್ರೆಯ ಜಿಡ್ಡು ಬಿಡುತ್ತದೆ. ಜ್ವಾಲಾಮುಖಿಯ ಬೂದಿ ಸುಟ್ಟು ಉಳಿದದ್ದೇ ಅಲ್ಲ. ಕರಗಿದ ಕಲ್ಲು ಅನಿಲದ ಒತ್ತಡಕ್ಕೆ ಪುಡಿಪುಡಿಯಾಗಿ ಆರಿದ್ದು, ಹೆಚ್ಚುಕಡಿಮೆ ಗಾಜಿನ ಹುಡಿ. ಮೇಲೇರುವಾಗ ಗಂಧಕ, ಕ್ಲೋರಿನ್, ಫ್ಲೋರಿನ್ ಇರುವ ಅನಿಲಗಳು ಆ ಹುಡಿಗೆ ಆಮ್ಲವಾಗಿ, ಉಪ್ಪಾಗಿ ಅಂಟುತ್ತವೆ. ಹೊಸ ಬೂದಿ ತಾಗಿದ ನೀರು ಅದಕ್ಕೇ ಹುಳಿಯಾಗುತ್ತದೆ. ಅಂಟಿದ್ದರಲ್ಲಿ ಹೆಚ್ಚಿನ ಪಾಲು ಮೊದಲ ನೀರಿಗೇ ಬಿಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ನೋಡುವ ಕ್ರಮವೂ ಸುಲಭ: 1 ಪಾಲು ಬೂದಿಗೆ 20 ಪಾಲು ಶುದ್ಧ ನೀರು ಹಾಕಿ, ಒಂದು ಗಂಟೆ ಅಲ್ಲಾಡಿಸಿ, ಸೋಸಿ ಅಳೆಯುವುದು.

ಹೀಗೆ ನೀರಿಗೆ ಬಿಟ್ಟ ಗಂಧಕದ ಸಲ್ಫೇಟ್, ಕ್ಲೋರಿನ್ನಿನ ಕ್ಲೋರೈಡ್ ಜಾಸ್ತಿಯಾದರೆ ನಾಲಿಗೆಗೇ ಗೊತ್ತಾಗುತ್ತದೆ, ಬಾಯಿಗಿಟ್ಟವರು ಉಗುಳುತ್ತಾರೆ. ಫ್ಲೋರಿನ್ನಿನ ಫ್ಲೋರೈಡ್ ಹಾಗಲ್ಲ. ಅದಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ.

ಇದರ ಪೆಟ್ಟು ಚೆನ್ನಾಗಿ ಗೊತ್ತಿರುವುದು ಐಸ್‌ಲ್ಯಾಂಡಿನವರಿಗೆ. 1783ರಲ್ಲಿ ಅಲ್ಲಿ ಲಾಕಿ ಬಿರುಕು ಬಾಯ್ತೆರೆದು ಎಂಟು ತಿಂಗಳು ಉರಿಯಿತು. ನೂರಕ್ಕೆ ಸುಮಾರು 80 ಕುರಿ ಸತ್ತವು. ಆಮೇಲಿನ ಬರಗಾಲಕ್ಕೆ ಐದರಲ್ಲಿ ಒಂದು ಪಾಲು ಜನರೂ ಹೋದರು. 1970ರಲ್ಲಿ ಅಲ್ಲಿನ ಹೆಕ್ಲಾ ಜ್ವಾಲಾಮುಖಿ ಸಿಡಿದಾಗ ಬರೀ 1 ಮಿ.ಮೀ. ಬೂದಿ ಬಿದ್ದ ಹುಲ್ಲುಗಾವಲೂ ಕುರಿಗೆ ವಿಷವಾಯಿತು. ದಪ್ಪ ಕಣ ಬೆಟ್ಟದ ಹತ್ತಿರವೇ ಬೀಳುತ್ತದೆ, ನುಣುಪಾದದ್ದು ದೂರ ಹೋಗುತ್ತದೆ. ನುಣುಪಾದಷ್ಟೂ ಒಂದೇ ತೂಕದ ಬೂದಿಗೆ ಅಂಟುವ ಫ್ಲೋರೈಡ್ ಜಾಸ್ತಿ. ತೆಳ್ಳಗೆ ಬಿದ್ದಿದೆ ಅಂತ ಸುಮ್ನೆ ಮಂದೆ ಬಿಟ್ಟರೆ ಕೆಟ್ಟಂತೆ. ಕುರಿ ನೆಲ ಹೆರೆದು ಮೇಯುವ ಪ್ರಾಣಿ, ಹುಲ್ಲಿನ ಜೊತೆ ಬೂದಿಯನ್ನೂ ನುಂಗುತ್ತದೆ.

ಹರಿಯುವ ಹೊಳೆಯ ಭಯ ಕಡಿಮೆ. ದನದ ತೊಟ್ಟಿ, ಮಾಳಿಗೆಯಿಂದ ಇಳಿಸಿದ ಮಳೆ ನೀರಿನ ಟ್ಯಾಂಕು, ಇಂಥ ಸಣ್ಣ ನೀರೇ ಕೆಡುವುದು. ಬೂದಿ ಬೀಳುವ ಮುಂಚೆಯೇ ಮುಚ್ಚಬೇಕು, ಮಾಳಿಗೆಯ ಪೈಪು ಬಿಚ್ಚಿಡಬೇಕು.

ಇಷ್ಟು ಹೇಳಿ ಅವರ ಬಾಟಲಿ ನೋಡಿದೆ. ಅವರ ಕಡೆ ಬೋರ್ ನೀರಿಗೆ ಫ್ಲೋರೈಡ್ ಬರುವುದು ನೆಲದೊಳಗಿನ ಕಲ್ಲಿನಿಂದ. ಬೂದಿಯದು ವಾರಗಳಲ್ಲಿ ಕೊಲ್ಲುವ ಪೆಟ್ಟು, ಬೋರಿನದು ವರ್ಷಗಟ್ಟಲೆ ಹಲ್ಲು, ಮೂಳೆ ತಿನ್ನುವಂಥದ್ದು. ಅವರ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿ ದಾಟಿತ್ತು.

“ಕುದಿಸಿ ಕುಡೀತೀವ್ರಿ.”

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ ಎಂದೆ. ಕುಡಿಯಲು ನಲ್ಲಿಯ ಹೊಳೆ ನೀರು ಹಿಡಿದಿಡಿ ಎಂದೆ.

“ಅದು ವಾರಕ್ಕ ಎರಡ ಸಲ ಬರ್ತದ್ರಿ ಸರ,” ಎಂದು ಬಾಟಲಿ ಚೀಲಕ್ಕೆ ಹಾಕಿಕೊಂಡರು.