ಸರಾಸರಿ ಒಂದೇ ಇದ್ದರೂ ಆದಾಯ ಒಂದೇ ಅಲ್ಲ

ಎರಡು ಸಮುದಾಯಗಳ ಆದಾಯ ಹೋಲಿಸಿ ಎಂದು ಕೇಳುವವರಿಗೆ ಸಾಮಾನ್ಯವಾಗಿ ಬೇಕಾಗಿರುವುದು ಸರಾಸರಿ. ಸಂಖ್ಯಾಶಾಸ್ತ್ರದ ಕೆಲಸ ಮಾಡುವ ನಾನು ಆದಾಯ ಎಷ್ಟು ಚದುರಿದೆ ಎಂಬ ಹರವನ್ನು ಹೇಳದೆ ಬರೀ ಸರಾಸರಿ ಕೊಡುವುದಿಲ್ಲ. ಯಾಕೆಂದು ಲೆಕ್ಕ ಹಾಕಿಯೇ ನೋಡೋಣ.

ಎರಡು ಗುಂಪುಗಳಿವೆ, ಎರಡರಲ್ಲೂ ತಿಂಗಳ ಸರಾಸರಿ ಆದಾಯ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಆದಾಯದ ನಕ್ಷೆ ಬರೆದರೆ ಬಾಲ ಬಲಕ್ಕೆ ಉದ್ದವಾಗಿ ಚಾಚಿಕೊಂಡಿರುತ್ತದೆ. ಅದೇ ಆದಾಯದ ಲಾಗರಿದಮ್ ತೆಗೆದರೆ ಹೆಚ್ಚುಕಡಿಮೆ ಗಂಟೆಯಾಕಾರ ಸಿಗುತ್ತದೆ. ಇದೇ ಲಾಗ್‌ನಾರ್ಮಲ್ ಮಾದರಿ. ಈ ಲಾಗ್ ಆದಾಯದ ಮಾನಕ ವಿಚಲನೆ (ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) ಮೊದಲ ಗುಂಪಿನಲ್ಲಿ 0.5, ಎರಡನೆಯದರಲ್ಲಿ 1 ಇದ್ದರೆ, ಆದಾಯದ ಮಧ್ಯಾಂಕ (ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಹೆಚ್ಚು ದುಡಿಯುವ ಮಟ್ಟ) ಕ್ರಮವಾಗಿ ಸುಮಾರು 17,650 ಮತ್ತು 12,130 ರೂಪಾಯಿ ಆಗುತ್ತದೆ. 10,000ಕ್ಕಿಂತ ಕಡಿಮೆ ದುಡಿಯುವವರು ಮೊದಲನೆಯದರಲ್ಲಿ ನೂರಕ್ಕೆ 13 ಮಂದಿ, ಎರಡನೆಯದರಲ್ಲಿ 42 ಮಂದಿ! ಸರಾಸರಿಯನ್ನಷ್ಟೇ ನೋಡಿ ಯೋಜನೆ ರೂಪಿಸಿದರೆ ಇವರೆಲ್ಲ ಲೆಕ್ಕದಿಂದ ಜಾರಿಹೋಗುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಗುಂಪುಗಳನ್ನು ಸರಾಸರಿಯಲ್ಲಿ ಮುಗಿಸದೆ ಸಮಪಾಲುಗಳಾಗಿ ವಿಂಗಡಿಸಿ, ಕೆಳಗಿನ ಪಾಲಿಗೆ ಕೆಳಗಿನ ಪಾಲು, ಮೇಲಿನದಕ್ಕೆ ಮೇಲಿನದು ಎಂದು ಹೋಲಿಸುವ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1960ರಲ್ಲೇ ಪ್ರಕಟಿಸಿದ್ದರು. ಇಂದಿಗೂ ನಾನು ಮೊದಲು ಮಾಡುವುದು ಅದನ್ನೇ. ಆಮೇಲೆ ಅಸಮಾನತೆ ಅಳೆಯುವ ಥೀಲ್ ಸೂಚ್ಯಂಕ: ಒಟ್ಟು ಅಸಮಾನತೆಯಲ್ಲಿ ಗುಂಪು ಗುಂಪುಗಳ ನಡುವಿನದೆಷ್ಟು, ಒಂದೊಂದು ಗುಂಪಿನ ಒಳಗಿನದೆಷ್ಟು ಎಂದು ಅದು ಬಿಡಿಸಿಕೊಡುತ್ತದೆ. ಅಸಮಾನತೆಯನ್ನೇ ಅಳೆಯುವ ಜಿನಿ ಸೂಚ್ಯಂಕ ಹೆಚ್ಚು ಪ್ರಸಿದ್ಧ, ಆದರೆ ಗುಂಪುಗಳ ಆದಾಯ ಒಂದರ ಮೇಲೊಂದು ಹಾಯುವಾಗ ಹೀಗೆ ಚೊಕ್ಕವಾಗಿ ಒಡೆಯಲು ಒಪ್ಪುವುದಿಲ್ಲ.

ತೀರಾ ಶ್ರೀಮಂತರಿಗೆ ಲಾಗ್‌ನಾರ್ಮಲ್ ಸಾಲದು, ಆ ತುದಿಗೆ ಇನ್ನೂ ನಿಧಾನವಾಗಿ ಇಳಿಯುವ ಪರೇಟೋ ವಕ್ರರೇಖೆಯನ್ನು ಜೋಡಿಸುತ್ತೇವೆ. ಕೆಳಗಿನ ತುದಿಯಲ್ಲಿ ಕಷ್ಟ ಬೇರೆ. ಮಳೆ ಕೈಕೊಟ್ಟ ವರ್ಷ ತೊಗರಿ ಬೆಳೆಗಾರನ ಆದಾಯ ಸೊನ್ನೆಗಿಂತ ಕೆಳಗಿಳಿಯಬಹುದು, ಅಂಥ ಸಂಖ್ಯೆಗೆ ಲಾಗರಿದಮ್ಮೇ ಇಲ್ಲ. ಆ ಮನೆಗಳನ್ನು ದತ್ತಾಂಶದಿಂದ ಅಳಿಸಿಬಿಟ್ಟರೆ ಮಾದರಿ ಸಲೀಸಾಗಿ ಕೂರುತ್ತದೆ, ಆದರೆ ಅತಿ ಕಷ್ಟದಲ್ಲಿರುವವರೇ ಮಾಯವಾಗುತ್ತಾರೆ. ಹಾಗಾಗಿ ಸೊನ್ನೆ ಮತ್ತು ನಷ್ಟದ ಮನೆಗಳ ಪ್ರಮಾಣವನ್ನು ಮೊದಲು ಪ್ರತ್ಯೇಕವಾಗಿ ಅಂದಾಜಿಸಿ, ಉಳಿದವರಿಗಷ್ಟೇ ವಕ್ರರೇಖೆ ಹೊಂದಿಸುತ್ತೇನೆ. ವರ್ಷದಿಂದ ವರ್ಷಕ್ಕೆ ಹೀಗೆ ಏರಿಳಿಯುವ ಕಡೆ ಮನೆಖರ್ಚಿನ ಅಂಕಿಅಂಶವೇ ಹೆಚ್ಚು ನಂಬಿಕಸ್ತ. 2023-24ರ ಕೇಂದ್ರ ಸರ್ಕಾರದ ಮನೆಖರ್ಚಿನ ಸಮೀಕ್ಷೆಯಲ್ಲಿ ತಲಾ ಮಾಸಿಕ ವೆಚ್ಚ ಹಳ್ಳಿಗಳಲ್ಲಿ 4,122, ನಗರಗಳಲ್ಲಿ 6,996 ರೂಪಾಯಿ ಇತ್ತು. ಇವೂ ಸರಾಸರಿಗಳೇ, ಜೊತೆಗಿರುವ ಪಾಲುವಾರು ಕೋಷ್ಟಕವನ್ನೂ ತೆರೆದು ನೋಡಿ.