ಗೋಡೆ ಬಿದ್ದ ದಿನದಿಂದ ಹೊಸ ಮನೆಯವರೆಗೆ ಎಲ್ಲಿರಬೇಕು?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಅಂದರೆ ಬರದ ಸೀಮೆ ಅಂತಲೇ ಎಲ್ಲರ ಲೆಕ್ಕ. ಆದರೆ 2021ರ ನವೆಂಬರ್‌ನಲ್ಲಿ ಇಲ್ಲಿ ಮಳೆ ಬಿಡದೆ ಸುರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಜನ ಖುಷಿಯಿಂದ ಬಾಗಿನ ಬಿಟ್ಟರು. ಅದೇ ಹೊತ್ತಿಗೆ ಹಳ್ಳಿಗಳಲ್ಲಿ ಮನೆಗಳು ಬೀಳುತ್ತಿದ್ದವು.

ನಮ್ಮ ಕಡೆ ಮನೆ ಕೊಚ್ಚಿಹೋಗುವುದು ಕಡಿಮೆ, ನೆನೆದು ಬೀಳುವುದೇ ಜಾಸ್ತಿ. ಮಣ್ಣಿನ ಗೋಡೆ ದಿನಗಟ್ಟಲೆ ನೀರು ಕುಡಿಯುತ್ತದೆ. ಮೊದಲು ಬುಡದಲ್ಲಿ ಮಣ್ಣು ಉದುರುತ್ತದೆ, ಆಮೇಲೆ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಮೇಲೆ ಕಲ್ಲು ಚಪ್ಪಡಿ ಇದ್ದರೆ ಆ ಭಾರಕ್ಕೆ ಒಂದು ರಾತ್ರಿ ಗೋಡೆ ಕುಸಿಯುತ್ತದೆ. ರಾಗಿ ಮೂಟೆ, ಪಾತ್ರೆ, ರೇಷನ್ ಕಾರ್ಡು ಎಲ್ಲ ಅದರಡಿ. ಊರಿನ ಎಲ್ಲ ಮನೆಗಳೂ ಬೀಳುವುದಿಲ್ಲ. ಈ ಬೀದಿಯಲ್ಲಿ ಒಂದು, ಆ ಕೇರಿಯಲ್ಲಿ ಎರಡು. ನನ್ನ ಪ್ರಕಾರ ಇಡೀ ಸಮಸ್ಯೆಯ ಗಂಟು ಇಲ್ಲೇ ಇದೆ. ಸರ್ಕಾರದ ಪರಿಹಾರ ವ್ಯವಸ್ಥೆ ಬೆಳೆದು ಬಂದದ್ದು ಒಟ್ಟಿಗೆ ನಿರಾಶ್ರಿತರಾದ ಊರುಗಳಿಗಾಗಿ. ಒಂಟಿಯಾಗಿ ಬಿದ್ದ ಮನೆ ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ.

ಇದರ ಬೇರು ಹಳೆಯದು. ಧಾತು ಸಂವತ್ಸರದ ಬರ ಅಂತ ಹಿರಿಯರು ಹೇಳುತ್ತಿದ್ದರಲ್ಲ, 1876ರಿಂದ 78ರವರೆಗಿನದು, ಅದರಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಆ ಸಾವುನೋವಿನ ನಂತರ 1880ರ ಕ್ಷಾಮ ಆಯೋಗ ಬಂತು, ಅದರಿಂದ ಕ್ಷಾಮ ಸಂಹಿತೆಗಳು, ಅಂದರೆ ಬರ ಬಂದಾಗ ಸರ್ಕಾರ ಏನು ಮಾಡಬೇಕು ಎನ್ನುವ ನಿಯಮಗಳು ಬಂದವು. ದುಡಿಯಬಲ್ಲವರಿಗೆ ಕೆಲಸ, ಆಗದವರಿಗೆ ಗಂಜಿ. ಬರದಲ್ಲಿ ಮನೆ ನಿಂತೇ ಇರುತ್ತದೆ, ಹೊಟ್ಟೆಯದೇ ಚಿಂತೆ. ಹಾಗಾಗಿ ಸೂರಿನ ವಿಚಾರ ಹಿಂದೆ ಬಿತ್ತು.

ಅದು ಮುಂದೆ ಬಂದದ್ದು ಭೂಕಂಪ, ಸುನಾಮಿಗಳಿಂದ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ, 2001ರಲ್ಲಿ ಗುಜರಾತಿನ ಭುಜ್, 2004ರ ಕೊನೆಯಲ್ಲಿ ಸುನಾಮಿ. ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಸಾಲುಸಾಲು ಶೆಡ್ ಹಾಕಿದರು. ಬಿಸಿಲಿಗೆ ಒಳಗೆ ಕೂರಲು ಆಗುತ್ತಿರಲಿಲ್ಲ. ತಾತ್ಕಾಲಿಕ ಅಂತ ಹೇಳಿದ ಆ ಶೆಡ್‌ಗಳಲ್ಲೇ ಎಷ್ಟೋ ಕುಟುಂಬಗಳು ವರ್ಷ ದಾಟಿಸಿದವು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು ಇದರ ಬೆನ್ನಲ್ಲೇ. ಅದರ 12ನೇ ಕಲಂ ಪರಿಹಾರ ಶಿಬಿರದಲ್ಲಿ ಸೂರು, ಊಟ, ಕುಡಿಯುವ ನೀರು, ಔಷಧಿ, ಶೌಚಾಲಯಗಳಿಗೆ ಕನಿಷ್ಠ ಮಟ್ಟ ಇರಬೇಕು ಎನ್ನುತ್ತದೆ. ಮುಂದೆ ಬಂದ ಮಾರ್ಗಸೂಚಿ ಒಬ್ಬರಿಗೆ 3.5 ಚದರ ಮೀಟರ್ ಜಾಗ ಅಂತ ಅಳತೆಯನ್ನೂ ಕೊಟ್ಟಿತು. ಒಳ್ಳೆಯದೇ. ಆದರೆ ಇದೂ ಶಿಬಿರದ ಲೆಕ್ಕವೇ ಅಲ್ವಾ?

ನಮ್ಮ ರಾಜ್ಯದ ಪಾಠಗಳೂ ಹಾಗೇ ಬಂದವು. 2009ರಲ್ಲಿ ಉತ್ತರ ಕರ್ನಾಟಕದ ಪ್ರವಾಹದ ನಂತರ ‘ಆಸರೆ’ ಯೋಜನೆಯಲ್ಲಿ ಊರುಗಳನ್ನೇ ಎತ್ತರದ ಜಾಗಕ್ಕೆ ಸ್ಥಳಾಂತರಿಸಿದರು. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಜಂಬೂರು, ಮಾದೆನಾಡಿನಂಥ ಕಡೆ ಬಡಾವಣೆ ಕಟ್ಟಿದರು. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಕೇಂದ್ರದ ಮಾನದಂಡದಲ್ಲಿ ಆಗ ಬಯಲುಸೀಮೆಗೆ ಇದ್ದದ್ದು 95,100 ರೂಪಾಯಿ, ಉಳಿದದ್ದು ರಾಜ್ಯದ್ದು. ಹೊಸ ಮನೆ ಆಗುವವರೆಗೆ ತಿಂಗಳಿಗೆ 5,000 ರೂಪಾಯಿ ಬಾಡಿಗೆ ಕೊಡುವ ಮಾತೂ ಆಗಲೇ ಬಂತು.

ಹೊಸ ಮನೆಯ ಹಣ ಒಂದೇ ಸಲ ಕೈಗೆ ಬರುವುದಿಲ್ಲ. ಮೊದಲು ಜಂಟಿ ಸಮೀಕ್ಷೆ ಆಗಬೇಕು. ಹಾನಿ ಎ, ಬಿ, ಸಿ ಯಾವ ವರ್ಗ ಅಂತ ತೀರ್ಮಾನವಾಗಬೇಕು. ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಖಾತೆ ಬದಲಾಗುವವರೆಗೆ ಓಡಾಟ. ಆಮೇಲೆ ಪಾಯ, ಲಿಂಟಲ್, ಛಾವಣಿ ಅಂತ ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೊ, ಒಂದೊಂದು ಕಂತು. ತಿಂಗಳುಗಳು ಹೀಗೇ ಹೋಗುತ್ತವೆ. ಆದರೆ ಕಾಳಜಿ ಕೇಂದ್ರಕ್ಕೆ, ಅಂದರೆ ಹೆಚ್ಚಾಗಿ ಶಾಲೆಯಲ್ಲೇ ತೆರೆಯುವ ಪರಿಹಾರ ಶಿಬಿರಕ್ಕೆ, ವಿಪತ್ತು ನಿಧಿಯಿಂದ ಖರ್ಚು ಮಾಡಲು ಸಾಮಾನ್ಯವಾಗಿ ಇರುವ ಮಿತಿ 30 ದಿನ.

ಬಾಡಿಗೆ ಹಣವನ್ನೇ ಕೊಟ್ಟರೂ ಪಾವಗಡದ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಬಾಡಿಗೆ ಮನೆ ಎಲ್ಲಿ ಸಿಗುತ್ತದೆ? ಪೇಟೆಗೆ ಹೋದರೆ ಹಸು ಕಟ್ಟುವುದೆಲ್ಲಿ, ಹೊಲ ನೋಡುವವರು ಯಾರು? ಹಾಗಾಗಿ ಜನ ಬಿದ್ದ ಮನೆಯ ಪಕ್ಕದಲ್ಲೇ ನಾಲ್ಕು ಗಳ ನೆಟ್ಟು ಟಾರ್ಪಾಲು ಕಟ್ಟಿಕೊಳ್ಳುತ್ತಾರೆ. ಇಲ್ಲವೇ ದನದ ಕೊಟ್ಟಿಗೆಯ ಅರ್ಧಕ್ಕೆ ಸೀರೆ ಅಡ್ಡ ಕಟ್ಟಿ ಒಲೆ ಹೂಡುತ್ತಾರೆ. ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ಮನೆಯವರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

2021ರ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಭೂಮಿ ಎರಡು ಸಲ ನಡುಗಿತು. ತೀವ್ರತೆ 3ರ ಆಸುಪಾಸು, ದೊಡ್ಡದೇನಲ್ಲ. ಆದರೆ ತಿಂಗಳ ಹಿಂದಷ್ಟೇ ನೆನೆದ ಗೋಡೆಗಳ ಕೆಳಗೆ ಮಲಗುವವರಿಗೆ ಅದು ಸಣ್ಣ ಭಯವೇ?

ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ಯೋಜನೆ ಇರಬೇಕು, ಜಿಲ್ಲಾಧಿಕಾರಿಯೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಹೊಸ ಇಲಾಖೆ ಏನೂ ಬೇಕಿಲ್ಲ. ಬಿಚ್ಚಿ ಜೋಡಿಸಬಹುದಾದ, ಬಾಗಿಲಿಗೆ ಚಿಲಕ ಇರುವ ಕೆಲವು ಶೆಡ್‌ಗಳನ್ನು ತಾಲ್ಲೂಕಿನಲ್ಲಿ ಇಟ್ಟುಕೊಂಡು, ಗೋಡೆ ಬಿದ್ದವರ ಜಾಗಕ್ಕೇ ಒಯ್ದು ನಿಲ್ಲಿಸಿ, ಹೊಸ ಮನೆಯ ಕೊನೆಯ ಕಂತು ಬಂದ ಮೇಲೆ ವಾಪಸ್ ತರಬಹುದು. ಶಾಲೆಯ ಕೊಠಡಿಯನ್ನೇ ನಂಬಿಕೊಂಡರೆ ಮಳೆ ನಿಂತ ಮೇಲೆ ಮಕ್ಕಳು ಪಾಠಕ್ಕೆ ಬರುತ್ತಾರೆ, ಅಲ್ಲಿದ್ದವರು ಎದ್ದು ಹೋಗಲೇಬೇಕು.