ಕ್ಯಾಮೆರಾ ಸ್ಟೆಬಿಲೈಜರ್‌ಗೆ ಯಾವ ಸುಂಕ ಸಂಖ್ಯೆ? ಗಿಂಬಲ್ ವರ್ಗೀಕರಣದ ಟಿಪ್ಪಣಿ

ಸರಕುಗಳಿಗೆ ಸುಂಕದ ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಹಾರ್ಮೊನೈಸ್ಡ್ ಸಿಸ್ಟಮ್, ಅಂದರೆ ಎಚ್‌ಎಸ್ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದರೂ ‘ಕ್ಯಾಮೆರಾ ಸ್ಟೆಬಿಲೈಜರ್’ ಎಂಬ ಶೀರ್ಷಿಕೆ ಸಿಗುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ. ಹೆಸರು ಸಿಗದಿದ್ದಾಗ ಕಣ್ಣು ತಾನಾಗಿ ‘ಕ್ಯಾಮೆರಾ’ ಎಂಬ ಪದ ಇರುವ ಕಡೆ ಹೋಗುತ್ತದೆ, 90.06 (ಫಿಲ್ಮ್ ಕ್ಯಾಮೆರಾ) ಅಥವಾ 85.29 (ಡಿಜಿಟಲ್ ಕ್ಯಾಮೆರಾ ಮೊದಲಾದವುಗಳ ಬಿಡಿಭಾಗ) ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಕ್ಯಾಮೆರಾ ಅಲುಗದಂತೆ ಕಾಯಲು ಇವತ್ತು ಮಾರಾಟವಾಗುವ ಹೆಚ್ಚಿನ ಗಿಂಬಲ್‌ಗಳಿಗೆ ಎರಡೂ ಹೊಂದುವುದಿಲ್ಲ. ಏಕೆ ಹೊಂದುವುದಿಲ್ಲ ಎಂಬುದು ಗೊತ್ತಾದರೆ ಈ ವಿಷಯದ ಮುಕ್ಕಾಲು ಪಾಲು ಅರ್ಥವಾದಂತೆ.

ಹಿನ್ನೆಲೆಯನ್ನು ಚುಟುಕಾಗಿ ನೋಡೋಣ. ಎಚ್‌ಎಸ್ 1988ರ ಜನವರಿ 1ರಿಂದ ಜಾರಿಯಲ್ಲಿದೆ. ನೋಡಿಕೊಳ್ಳುವುದು ವಿಶ್ವ ಕಸ್ಟಮ್ಸ್ ಸಂಘಟನೆ. ಮೊದಲ ಆರು ಅಂಕಿ ಎಲ್ಲ ಸದಸ್ಯ ದೇಶಗಳಿಗೂ ಒಂದೇ: ಎರಡು ಅಂಕಿ ಅಧ್ಯಾಯ, ನಾಲ್ಕು ಶೀರ್ಷಿಕೆ, ಆರು ಉಪಶೀರ್ಷಿಕೆ. ಅದರ ಮುಂದಿನ ಅಂಕಿಗಳು ಆಯಾ ದೇಶದವು: ಭಾರತದಲ್ಲಿ ಒಟ್ಟು ಎಂಟು, ಅಮೆರಿಕದಲ್ಲಿ ಹತ್ತು. ಸುಂಕದ ದರವೂ ಆಯಾ ದೇಶದ್ದೇ. ಹಾಗಾಗಿ ಈ ಟಿಪ್ಪಣಿ ಆರು ಅಂಕಿಗೆ ನಿಲ್ಲುತ್ತದೆ, ಸಂಖ್ಯೆಗಳೆಲ್ಲ 2022ರ ಆವೃತ್ತಿಯವು.

ಮೊದಲು ವಸ್ತುವನ್ನು ನೋಡಿ

ಒಂದೇ ‘ಸ್ಟೆಬಿಲೈಜರ್’ ಎಂಬ ಹೆಸರಿನಲ್ಲಿ ಕನಿಷ್ಠ ನಾಲ್ಕು ಬಗೆಯ ವಸ್ತುಗಳು ಬಂದರಿಗೆ ಬರುತ್ತವೆ. ಒಂದು, ಮೋಟಾರ್ ಇರುವ ಗಿಂಬಲ್. ಇದರಲ್ಲಿ ಸಾಮಾನ್ಯವಾಗಿ ಮೂರು ಅಕ್ಷಗಳಿಗೆ ಮೂರು ಬ್ರಷ್‌ಲೆಸ್ ಮೋಟಾರ್, ಚಲನೆ ಅಳೆಯುವ ಜೈರೊಸ್ಕೋಪ್ ಮತ್ತು ಆಕ್ಸಿಲರೊಮೀಟರ್, ನಿಯಂತ್ರಣ ಬೋರ್ಡ್, ಲಿಥಿಯಂ ಅಯಾನ್ ಬ್ಯಾಟರಿ ಇರುತ್ತವೆ. ಕೈ ಎಡಕ್ಕೆ ವಾಲಿದರೆ ಮೋಟಾರ್ ಕ್ಯಾಮೆರಾವನ್ನು ಅಷ್ಟೇ ಬಲಕ್ಕೆ ತಿರುಗಿಸುತ್ತದೆ. ಎರಡು, ಮೋಟಾರ್ ಇಲ್ಲದ ಸ್ಟೆಬಿಲೈಜರ್. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್ ಈ ಜಾತಿಯದು: ಅಂಗಿಯಂತೆ ತೊಡುವ ವೆಸ್ಟ್, ಸ್ಪ್ರಿಂಗ್ ತೋಳು, ತೂಕಗಳನ್ನು ಹಂಚಿದ ಕಂಬ. ಮೂರು, ನೆಲಕ್ಕೆ ಊರುವ ಟ್ರೈಪಾಡ್, ಮೊನೊಪಾಡ್ ಮತ್ತು ಕೈಯಲ್ಲಿ ಹಿಡಿಯುವ ಸೆಲ್ಫಿ ಸ್ಟಿಕ್. ನಾಲ್ಕು, ಕ್ಯಾಮೆರಾ ಒಳಗೇ ಕೂತಿರುವ ಗಿಂಬಲ್. ಅಂಗೈಯಲ್ಲಿ ಹಿಡಿಯುವ ಪುಟ್ಟ ವಿಡಿಯೊ ಕ್ಯಾಮೆರಾಗಳಲ್ಲಿ ಇಂಥವಿವೆ.

ಇನ್‌ವಾಯ್ಸ್‌ನಲ್ಲಿ ಈ ನಾಲ್ಕಕ್ಕೂ ‘ಕ್ಯಾಮೆರಾ ಸ್ಟೆಬಿಲೈಜರ್’ ಎಂದೇ ಬರೆದಿರಬಹುದು. ಆದ್ದರಿಂದ ಇನ್‌ವಾಯ್ಸ್ ಓದಿ ಸಂಖ್ಯೆ ಹಾಕಬಾರದು. ಸ್ಪೆಸಿಫಿಕೇಶನ್ ಹಾಳೆ, ಬಳಕೆಯ ಕೈಪಿಡಿ, ಪೆಟ್ಟಿಗೆ ಬಿಚ್ಚಿದಾಗ ಒಳಗೇನಿದೆ ಎಂಬ ಚಿತ್ರ, ಈ ಮೂರು ಮುಂದಿಲ್ಲದೆ ಕೆಲಸ ಶುರು ಮಾಡಬೇಡಿ.

ಬಿಡಿಭಾಗವೋ, ಪರಿಕರವೋ

ಇದು ಇಡೀ ವಿಷಯದ ಗಂಟು. ಇಲ್ಲಿ ಸಾವಕಾಶವಾಗಿ ಹೋಗೋಣ.

ಡಿಜಿಟಲ್ ಕ್ಯಾಮೆರಾ ಮತ್ತು ವಿಡಿಯೊ ಕ್ಯಾಮೆರಾ ರೆಕಾರ್ಡರ್ ಎರಡೂ 85.25ರಲ್ಲಿವೆ. ಅವುಗಳಿಗೆ ಸಂಬಂಧಿಸಿದ 85.29 ಹೇಳುವುದು ‘ಬಿಡಿಭಾಗಗಳು’ ಎಂದು ಮಾತ್ರ. ‘ಪರಿಕರಗಳು’ ಎಂಬ ಪದ ಆ ಶೀರ್ಷಿಕೆಯಲ್ಲಿ ಇಲ್ಲ. ಯಾವುದಿಲ್ಲದೆ ಯಂತ್ರ ತನ್ನ ಕೆಲಸ ಮಾಡಲಾರದೋ ಅದು ಬಿಡಿಭಾಗ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಳತೆ. ಗಿಂಬಲ್ ಇಲ್ಲದೆಯೂ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಚಿತ್ರ ಅಲುಗಾಡಬಹುದು, ಅಷ್ಟೆ. ಹಾಗಾಗಿ ಗಿಂಬಲ್ ಕ್ಯಾಮೆರಾದ ಬಿಡಿಭಾಗವಲ್ಲ, ಪರಿಕರ. ಪರಿಕರಕ್ಕೆ 85.29ರಲ್ಲಿ ಜಾಗವಿಲ್ಲ. ಸ್ಮಾರ್ಟ್‌ಫೋನ್‌ಗೆ ಹಾಕುವ ಗಿಂಬಲ್‌ಗೂ ಇದೇ ತರ್ಕ: ಫೋನ್ ಇರುವುದು 8517.13ರಲ್ಲಿ, ಮತ್ತು 85.17ರಲ್ಲಿಯೂ ಇರುವುದು ಬಿಡಿಭಾಗಗಳಿಗೆ ಮಾತ್ರ ಜಾಗ.

ಇನ್ನು 9006.91 ಮತ್ತು 9007.91. ಇವೆರಡರಲ್ಲಿ ‘ಬಿಡಿಭಾಗಗಳು ಮತ್ತು ಪರಿಕರಗಳು’ ಎಂದು ಸ್ಪಷ್ಟವಾಗಿ ಇದೆ, ಅದಕ್ಕೇ ಮೋಹ. ಆದರೆ 90.06ರ ಕ್ಯಾಮೆರಾ ಫಿಲ್ಮ್ ರೋಲ್ ಹಾಕುವ ಛಾಯಾಗ್ರಹಣದ ಕ್ಯಾಮೆರಾ, 90.07ರದು ಫಿಲ್ಮ್ ಮೇಲೆ ಚಿತ್ರೀಕರಿಸುವ ಸಿನಿಮಾ ಕ್ಯಾಮೆರಾ. ಪಟ್ಟಿಯಲ್ಲೇ 90ನೇ ಅಧ್ಯಾಯಕ್ಕೆ ಇರುವ 2ನೇ ಟಿಪ್ಪಣಿಯ ಪ್ರಕಾರ ಪರಿಕರವು ಆ ಬಗೆಯ ಉಪಕರಣಕ್ಕೆ ಮಾತ್ರ ಅಥವಾ ಮುಖ್ಯವಾಗಿ ಅದಕ್ಕೇ ಹೊಂದುವಂತಿರಬೇಕು. ಕೈಪಿಡಿಯ ಹೊಂದಾಣಿಕೆ ಪಟ್ಟಿಯಲ್ಲಿ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾಗಳೇ ತುಂಬಿರುವ ಗಿಂಬಲ್ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಹೀಗಾಗಿ ಸುಂಕದ ಭಾಷೆಯಲ್ಲಿ ‘ಕ್ಯಾಮೆರಾ’ ಎಂಬುದು ಒಂದೇ ವಸ್ತುವಲ್ಲ. ಡಿಜಿಟಲ್ಲೋ ಫಿಲ್ಮೋ ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಯಾವ ಬಾಗಿಲನ್ನು ಮೊದಲು ತಟ್ಟಬೇಕು

ಯಂತ್ರ ಮತ್ತು ವಿದ್ಯುತ್ ಉಪಕರಣಗಳ 84, 85ನೇ ಅಧ್ಯಾಯಗಳು 16ನೇ ವಿಭಾಗದಲ್ಲಿವೆ. ಆ ವಿಭಾಗದ 1ನೇ ಟಿಪ್ಪಣಿ ಹೊರಗಿಡುವ ವಸ್ತುಗಳನ್ನು ಪಟ್ಟಿ ಮಾಡುತ್ತದೆ: 90ನೇ ಅಧ್ಯಾಯದ ವಸ್ತುಗಳು ಹೊರಗೆ, 96.20ರ ಮೊನೊಪಾಡ್, ಬೈಪಾಡ್, ಟ್ರೈಪಾಡ್ ಮತ್ತು ಅಂಥವು ಹೊರಗೆ. 90ನೇ ಅಧ್ಯಾಯದ 1ನೇ ಟಿಪ್ಪಣಿಯೂ 96.20ನ್ನು ಹೊರಗಿಡುತ್ತದೆ. ಇದರಿಂದ ಕ್ರಮ ತಾನಾಗಿ ಹೊರಬೀಳುತ್ತದೆ: ಮೊದಲು 96.20, ಆಮೇಲೆ 90, ಕೊನೆಗೆ 84 ಮತ್ತು 85. ನೇರವಾಗಿ 84.79ಕ್ಕೆ (ಬೇರೆಲ್ಲೂ ಹೇಳದ ಯಂತ್ರಗಳು) ಜಿಗಿದು ಸರಿ ಉತ್ತರ ಬಂದರೂ, ಪ್ರಶ್ನೆ ಎದ್ದಾಗ ಸಮರ್ಥಿಸಲು ಏನೂ ಕೈಯಲ್ಲಿರುವುದಿಲ್ಲ.

96.20 ಹುಟ್ಟಿದ್ದು 2017ರ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಟ್ರೈಪಾಡ್‌ಗಳು ವಸ್ತು, ಬಳಕೆ ನೋಡಿಕೊಂಡು ಹಲವು ಶೀರ್ಷಿಕೆಗಳಲ್ಲಿ ಚದುರಿದ್ದವು. ವಿಶ್ವ ಕಸ್ಟಮ್ಸ್ ಸಂಘಟನೆ ಇದಕ್ಕೆ ಬರೆದ ವಿವರಣಾ ಟಿಪ್ಪಣಿಯನ್ನು ಪೂರ್ತಿ ಓದಬೇಕು. ಕ್ಯಾಮೆರಾ ಮೊದಲಾದವನ್ನು ಹೊತ್ತು, ಬೇಡದ ಅಲುಗಾಟ ಕಡಿಮೆ ಮಾಡುವ ಸಾಧನಗಳು ಎಂದು ಅದು ಹೇಳುತ್ತದೆ. ಸೆಲ್ಫಿ ಸ್ಟಿಕ್ಕನ್ನೂ ಸೇರಿಸುತ್ತದೆ. ‘ಅಲುಗಾಟ ಕಡಿಮೆ ಮಾಡುವ’ ಎಂಬ ಮಾತು ಕಂಡೊಡನೆ ಗಿಂಬಲ್ ಇದೇ ಎನಿಸುತ್ತದೆ. ಆದರೆ ‘ಅಂಥ ವಸ್ತುಗಳು’ ಎಂದರೆ ನಾಲ್ಕು ಅಥವಾ ಹೆಚ್ಚು ಕಾಲಿನವು ಎಂದು ಅದೇ ಟಿಪ್ಪಣಿ ಮಿತಿ ಹಾಕುತ್ತದೆ. ಅಂದರೆ ಕಾಲು, ಕೋಲು, ಆಸರೆ ಇವೇ ಈ ಶೀರ್ಷಿಕೆಯ ಜೀವ. ಟ್ರೈಪಾಡ್ ಅಲುಗದಂತೆ ನಿಲ್ಲುತ್ತದೆ. ಗಿಂಬಲ್ ಅಲುಗಾಟವನ್ನು ಅಳೆದು ಎದುರು ದಿಕ್ಕಿಗೆ ತಾನೇ ಚಲಿಸುತ್ತದೆ. ಫಲ ಒಂದೇ ಥರ ಕಂಡರೂ ಕೆಲಸ ಬೇರೆ.

ಮುಂದೆ 90.32, ಸ್ವಯಂಚಾಲಿತ ನಿಯಂತ್ರಣ ಉಪಕರಣಗಳು. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು, ಏಕೆಂದರೆ 90ನೇ ಅಧ್ಯಾಯದ 7ನೇ ಟಿಪ್ಪಣಿ ‘ನಿಜ ಮೌಲ್ಯವನ್ನು ನಿರಂತರವಾಗಿ ಅಥವಾ ಆಗಾಗ ಅಳೆದು, ಅಡಚಣೆಗಳ ನಡುವೆಯೂ ಬೇಕಾದ ಮೌಲ್ಯದಲ್ಲಿ ನಿಲ್ಲಿಸುವ’ ಎಂಬ ಅರ್ಥದಲ್ಲಿ ಮಾತಾಡುತ್ತದೆ. ಗಿಂಬಲ್‌ನ ನಿಯಂತ್ರಣ ಬೋರ್ಡ್ ಮಾಡುವುದು ಬಹುಮಟ್ಟಿಗೆ ಅದನ್ನೇ. ಆದರೂ ಇಡೀ ಗಿಂಬಲ್ ನಿಯಂತ್ರಕಕ್ಕಿಂತ ಹೆಚ್ಚಿನದು: ಅದು ಕ್ಯಾಮೆರಾದ ಭಾರ ಹೊರುತ್ತದೆ, ತಿರುಗಿಸುತ್ತದೆ, ಬಳಸುವವರು ಜಾಯ್‌ಸ್ಟಿಕ್ ಒತ್ತಿದರೆ ಬೇಕೆಂದ ಕಡೆ ಸರಾಗವಾಗಿ ಹೊರಳಿಸುತ್ತದೆ. ನಿಯಂತ್ರಣ ಅದರೊಳಗಿನ ಒಂದು ಅಂಗ. ಈ ಕಾರಣಕ್ಕೆ 90.32ಕ್ಕಿಂತ ಯಂತ್ರದ ಶೀರ್ಷಿಕೆಯೇ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ. ಉತ್ತರ ಬರೆಯುವಾಗ ಈ ವಾದವನ್ನೂ ಹೆಸರಿಸಿ, ಏಕೆ ಒಪ್ಪಲಿಲ್ಲ ಎಂದು ಎರಡು ಸಾಲು ಬರೆಯಿರಿ.

84.79ರಲ್ಲಿ ನಿಲ್ಲುವುದು ಹೇಗೆ

84.79 ಎಂದರೆ ತಮ್ಮದೇ ಆದ ಪ್ರತ್ಯೇಕ ಕಾರ್ಯವುಳ್ಳ, ಆ ಅಧ್ಯಾಯದಲ್ಲಿ ಬೇರೆಲ್ಲೂ ಹೇಳದ ಯಂತ್ರಗಳು. ‘ಪ್ರತ್ಯೇಕ ಕಾರ್ಯ’ಕ್ಕೆ ವಿವರಣಾ ಟಿಪ್ಪಣಿ ಎರಡು ದಾರಿ ಕೊಡುತ್ತದೆ. ಬೇರೆ ಯಂತ್ರದ ನೆರವಿಲ್ಲದೆ ತನ್ನ ಕೆಲಸ ಮಾಡುವುದು ಒಂದು. ಬೇರೆ ಯಂತ್ರಕ್ಕೆ ಜೋಡಿಸಿದರೆ ಮಾತ್ರ ಕೆಲಸ ಮಾಡುವುದಾದರೂ, ಆ ಕೆಲಸ ಯಂತ್ರದ ಕೆಲಸಕ್ಕಿಂತ ಬೇರೆಯಾಗಿದ್ದು, ಅದರ ಓಟದಲ್ಲಿ ಬಿಡಿಸಲಾಗದಂತೆ ಬೆಸೆದುಕೊಂಡಿರಬಾರದು ಎಂಬುದು ಇನ್ನೊಂದು. ಎಂಜಿನ್ನಿನ ಕಾರ್ಬ್ಯುರೇಟರ್ ಎರಡನೆಯದರಲ್ಲಿ ಸೋಲುತ್ತದೆ. ಅದರ ಕೆಲಸ ಎಂಜಿನ್ನಿನ ಕೆಲಸದಿಂದ ಬಿಡಿಸಲಾಗದ್ದು. ಗಿಂಬಲ್ ಗೆಲ್ಲುತ್ತದೆ: ಕ್ಯಾಮೆರಾದ ಕೆಲಸ ದೃಶ್ಯ ದಾಖಲಿಸುವುದು, ಗಿಂಬಲ್ಲಿನದು ಅದರ ಭಂಗಿ ಕಾಯುವುದು.

ವಿದ್ಯುತ್ತಿನಿಂದ ನಡೆಯುತ್ತದೆಯಲ್ಲ, 85.43 (ಬೇರೆಲ್ಲೂ ಹೇಳದ ವಿದ್ಯುತ್ ಯಂತ್ರಗಳು) ಏಕಾಗಬಾರದು ಎಂಬ ಪ್ರಶ್ನೆ ಸಹಜ. ಬ್ಯಾಟರಿ ಇರುವುದು ನಿರ್ಣಾಯಕವಲ್ಲ. ಕೊನೆಯಲ್ಲಿ ಹೊರಬರುವ ಕೆಲಸ ತೋಳುಗಳ ಚಲನೆ, ಅಂದರೆ ಯಾಂತ್ರಿಕ. ಆದ್ದರಿಂದ 84.79. ಉಪಶೀರ್ಷಿಕೆಗೆ, ವರ್ಗೀಕರಣಕ್ಕೆಂದು ಎಚ್‌ಎಸ್‌ನಲ್ಲೇ ಇರುವ ಆರು ಸಾಮಾನ್ಯ ನಿಯಮಗಳಲ್ಲಿ 6ನೆಯದನ್ನು ಬಳಸಿ ಇಳಿದರೆ 8479.89, ‘ಇತರ’. ಜಾಹೀರಾತಿನಲ್ಲಿ ‘ರೋಬಾಟ್’ ಎಂದಿದೆ ಎಂದು 8479.50ಕ್ಕೆ ಹೋಗಬೇಡಿ, ಅದು ಕೈಗಾರಿಕಾ ರೋಬಾಟ್‌ಗಳಿಗೆ.

ಮೋಟಾರ್ ಇಲ್ಲದ ಸ್ಟೆಬಿಲೈಜರ್ ಇದಕ್ಕಿಂತ ಕಷ್ಟ. 84.79ರ ವಿವರಣಾ ಟಿಪ್ಪಣಿ ಮೋಟಾರ್ ಇದ್ದರೂ ಇಲ್ಲದಿದ್ದರೂ ಯಾಂತ್ರಿಕ ಸಾಧನವಾದರೆ ಸಾಕು ಎನ್ನುತ್ತದೆ. ಸ್ಪ್ರಿಂಗ್ ತೋಳು, ಬೇರಿಂಗ್ ಇರುವ ಗಿಂಬಲ್ ಕೀಲು ಕೆಲಸ ಮಾಡುತ್ತಿದ್ದರೆ ವಾದ ನಿಲ್ಲುತ್ತದೆ. ಬರೀ ಹಿಡಿ, ಕೆಳಗೊಂದು ತೂಕ ಇರುವ ಸರಳ ವಸ್ತುವಿಗೆ 96.20ರ ಕಡೆಯ ವಾದ ಬಲವಾಗುತ್ತದೆ. ಫಿಲ್ಮ್ ಸಿನಿಮಾ ಕ್ಯಾಮೆರಾಕ್ಕೆಂದೇ ಮಾಡಿದ್ದಾದರೆ 9007.91 ಮತ್ತೆ ಜೀವ ಪಡೆಯುತ್ತದೆ. ಇಂಥದ್ದಕ್ಕೆ ಊಹೆ ಬೇಡ, ಮುಂಗಡ ತೀರ್ಪು ಕೇಳಿ, ಅಂದರೆ ಸರಕು ಬರುವ ಮೊದಲೇ ಕಸ್ಟಮ್ಸ್‌ನಿಂದ ಲಿಖಿತ ನಿರ್ಧಾರ ಪಡೆಯಿರಿ.

ಕ್ಯಾಮೆರಾ ಒಳಗೇ ಇದ್ದರೆ, ಡ್ರೋನ್‌ಗೆ ಹೋದರೆ

ಕ್ಯಾಮೆರಾ ಮತ್ತು ಗಿಂಬಲ್ ಬೇರ್ಪಡಿಸಲಾಗದಂತೆ ಒಂದೇ ದೇಹವಾಗಿದ್ದರೆ 16ನೇ ವಿಭಾಗದ 3ನೇ ಟಿಪ್ಪಣಿ ಮುಖ್ಯ ಕಾರ್ಯವನ್ನು ನೋಡು ಎನ್ನುತ್ತದೆ. ಕೊಳ್ಳುವವರು ಕೊಳ್ಳುವುದು ವಿಡಿಯೊ ತೆಗೆಯಲು. ಸಾಮಾನ್ಯ ಬಳಕೆಯ ಕ್ಯಾಮೆರಾ ಆದ್ದರಿಂದ 8525.89.

ಡ್ರೋನ್ ಕೆಳಗೆ ತೂಗುವ, ಕ್ಯಾಮೆರಾ ಇಲ್ಲದ ಗಿಂಬಲ್ ಬಿಡಿಯಾಗಿ ಬಂದರೆ 88.07, ಡ್ರೋನ್ ಬಿಡಿಭಾಗ ಎಂದು ಬರೆಯಲು ಮನಸ್ಸಾಗುತ್ತದೆ. ವಾಹನ, ವಿಮಾನಗಳ 17ನೇ ವಿಭಾಗದ 2ನೇ ಟಿಪ್ಪಣಿಯನ್ನು ಮರೆಯಬೇಡಿ: 84.01ರಿಂದ 84.79ರವರೆಗಿನ ಯಂತ್ರಗಳು ಆ ವಿಭಾಗದಲ್ಲಿ ಬಿಡಿಭಾಗ ಎನಿಸುವುದಿಲ್ಲ. ಅಂದರೆ ಅದು 84.79ರ ಯಂತ್ರ ಎಂದು ಒಪ್ಪಿದ ಮೇಲೆ 88.07 ಮುಚ್ಚಿದ ಬಾಗಿಲು. ಕ್ಯಾಮೆರಾ ಶಾಶ್ವತವಾಗಿ ಕೂತ ಇಡೀ ಡ್ರೋನ್ ಮಾತ್ರ 88.06ರಲ್ಲೇ ಉಳಿಯುತ್ತದೆ.

ಪೆಟ್ಟಿಗೆಯಲ್ಲಿ ಇರುವ ಉಳಿದದ್ದು

ಗಿಂಬಲ್ ಜೊತೆ ಪುಟ್ಟ ಮೂರುಕಾಲು, ಚಾರ್ಜಿಂಗ್ ಕೇಬಲ್, ಕ್ವಿಕ್ ರಿಲೀಸ್ ಪ್ಲೇಟ್ ಒಂದೇ ಚಿಲ್ಲರೆ ಮಾರಾಟದ ಪೆಟ್ಟಿಗೆಯಲ್ಲಿ ಬಂದರೆ ಅದೇ ಸಾಮಾನ್ಯ ನಿಯಮಗಳ 3(ಬಿ): ಬೇರೆ ಬೇರೆ ಶೀರ್ಷಿಕೆಯ ಎರಡಾದರೂ ವಸ್ತು, ಒಂದು ನಿರ್ದಿಷ್ಟ ಅಗತ್ಯಕ್ಕೆ ಸೇರಿಸಿದ್ದು, ಮತ್ತೆ ಪ್ಯಾಕ್ ಮಾಡದೆ ಮಾರಬಹುದಾದದ್ದು. ಮೂರೂ ಕೂಡಿದರೆ ಪೂರ್ತಿ ಸೆಟ್, ಅದಕ್ಕೆ ಮೂಲ ಗುಣ ಕೊಡುವ ಗಿಂಬಲ್ಲಿನ ಸಂಖ್ಯೆಗೆ ಹೋಗುತ್ತದೆ. ಅದರ ಆಕಾರಕ್ಕೇ ಮಾಡಿದ, ಬಹುಕಾಲ ಬಾಳುವ ಪೆಟ್ಟಿಗೆ ಜೊತೆಗೇ ಬಂದರೆ 5(ಎ) ನಿಯಮದಲ್ಲಿ ಅದೂ ಸೇರುತ್ತದೆ. ಅದೇ ಪೆಟ್ಟಿಗೆಗಳು 500 ಬಿಡಿಯಾಗಿ ಬಂದರೆ 42.02 (ಚೀಲ, ಪೆಟ್ಟಿಗೆಗಳು) ನೋಡಬೇಕು.

ಬಿಡಿಯಾಗಿ ಬಂದ ಭಾಗಗಳಲ್ಲೇ ಹೆಚ್ಚು ಎಡವುವುದು. ಎಲ್ಲವನ್ನೂ 8479.90ಗೆ ತುಂಬುವಂತಿಲ್ಲ. 16ನೇ ವಿಭಾಗದ 2(ಎ) ಟಿಪ್ಪಣಿಯಂತೆ ತನ್ನದೇ ಶೀರ್ಷಿಕೆ ಇರುವ ಭಾಗ ಅಲ್ಲಿಗೇ ಹೋಗಬೇಕು: ಮೋಟಾರ್ 85.01ಕ್ಕೆ, ಲಿಥಿಯಂ ಅಯಾನ್ ಬ್ಯಾಟರಿ 8507.60ಕ್ಕೆ, ಚಾರ್ಜರ್ 8504.40ಕ್ಕೆ. ಗಿಂಬಲ್ ಮೋಟಾರ್‌ಗಳ ಔಟ್‌ಪುಟ್ 37.5 ವ್ಯಾಟ್ ಮೀರದಿದ್ದರೆ 8501.10, ಆಗ ಬ್ರಷ್‌ಲೆಸ್ ಮೋಟಾರ್ ಎಸಿಯೋ ಡಿಸಿಯೋ ಎಂಬ ಜಗಳವೇ ಬೇಕಿಲ್ಲ. ಉಕ್ಕಿನ ಸಾಮಾನ್ಯ ಸ್ಕ್ರೂ 73.18. ಗಿಂಬಲ್ಲಿಗೆಂದೇ ಅಚ್ಚುಹಾಕಿದ ತೋಳು, ಹಿಡಿ, ಸಮತೋಲನದ ತೂಕ ಇವು 8479.90. ಇನ್ನೊಂದು ಮಾತು: 96.20ರ ಶೀರ್ಷಿಕೆಯಲ್ಲಿ ‘ಬಿಡಿಭಾಗ’ ಎಂಬ ಪದವೇ ಇಲ್ಲ. ಟ್ರೈಪಾಡಿನ ಒಂದು ಕಾಲು ಬಿಡಿಯಾಗಿ ಬಂದರೆ ಅಲ್ಲಿಗೆ ಹಾಕಲಾಗದು.

ಗಡಿಯಲ್ಲಿ ನಿಂತವು

ಒಂದೇ ಮೋಟಾರ್, ಉದ್ದ ಕೋಲು, ಕೆಳಗೆ ಬಿಚ್ಚಿಕೊಳ್ಳುವ ಕಾಲು, ಬ್ಲೂಟೂತ್ ರಿಮೋಟ್ ಇರುವ ಫೋನ್ ಸ್ಟಿಕ್ ಇಂದು ಹೇರಳ. ಅದು ಸೆಲ್ಫಿ ಸ್ಟಿಕ್ಕೋ ಗಿಂಬಲ್ಲೋ? ಕೇಳಬೇಕಾದ ಪ್ರಶ್ನೆ: ಮೋಟಾರ್ ಆಫ್ ಮಾಡಿದರೆ ಅದರ ಉಪಯೋಗ ಎಷ್ಟು ಉಳಿಯುತ್ತದೆ? ಮೂರು ಅಕ್ಷದ ಗಿಂಬಲ್ ಆಫ್ ಆದರೆ ತೋಳುಗಳು ಜೋತುಬೀಳುತ್ತವೆ, ಬಳಸಲಾಗದು. ಇದು ಆಫ್ ಆದರೂ ಫೋನನ್ನು ದೂರ ಹಿಡಿಯುತ್ತದೆ, ನೆಲದ ಮೇಲೆ ನಿಲ್ಲಿಸುತ್ತದೆ. ಹಾಗಿದ್ದರೆ ಮೂಲ ಗುಣ ಕೋಲಿನದು, 96.20ರ ವಾದ ಮೇಲುಗೈ. ಕೋಲು ಮೋಟಾರ್ ಎರಡೂ ಸಮಸಮ ಎನಿಸಿದರೆ 3(ಸಿ) ನಿಯಮ: ಸಂಖ್ಯೆಯಲ್ಲಿ ಕೊನೆಗೆ ಬರುವುದು, ಅಂದರೆ ಮತ್ತೆ 96.20.

ಘೋಷಣೆಯಲ್ಲಿ ‘ಕ್ಯಾಮೆರಾ ಪರಿಕರ’ ಎಂದು ಬರೆದರೆ ಪ್ರಶ್ನೆಗಳ ಸಾಲು ತಪ್ಪದು. ಹೀಗೆ ಬರೆಯಿರಿ: ಕೈಯಲ್ಲಿ ಹಿಡಿಯುವ ಮೋಟಾರ್ ಚಾಲಿತ ಮೂರು ಅಕ್ಷದ ಸ್ಟೆಬಿಲೈಜರ್, ಡಿಜಿಟಲ್ ಕ್ಯಾಮೆರಾಕ್ಕೆ, ಕ್ಯಾಮೆರಾ ಒಳಗೊಂಡಿಲ್ಲ, ಬ್ಯಾಟರಿ ಒಳಗಿದೆ, ಹೊರುವ ಗರಿಷ್ಠ ತೂಕ ಇಷ್ಟು, ಮಾದರಿ ಸಂಖ್ಯೆ ಇಂಥದ್ದು. ‘ಕ್ಯಾಮೆರಾ ಒಳಗೊಂಡಿಲ್ಲ’ ಎಂಬ ಎರಡು ಪದ ಅರ್ಧ ಅನುಮಾನ ಕಳೆಯುತ್ತದೆ. ತಪ್ಪು ಸಂಖ್ಯೆ ಹಾಕಿದರೆ ವ್ಯತ್ಯಾಸದ ಸುಂಕ ಮಾತ್ರವಲ್ಲ, ಬಡ್ಡಿ ದಂಡವೂ ಸೇರಬಹುದು. ವ್ಯಾಪಾರ ಒಪ್ಪಂದದ ರಿಯಾಯಿತಿಯೂ ಇದೇ ಸಂಖ್ಯೆಯ ಮೇಲೆ ನಿಂತಿರುತ್ತದೆ.

ಮುಂಗಡ ತೀರ್ಪು ಕೇಳಲು ವಿಶ್ವ ವ್ಯಾಪಾರ ಸಂಘಟನೆಯ ವ್ಯಾಪಾರ ಸುಗಮಗೊಳಿಸುವ ಒಪ್ಪಂದದ 3ನೇ ವಿಧಿ ಆಧಾರ. ಅದು 2017ರ ಫೆಬ್ರುವರಿ 22ರಿಂದ ಜಾರಿಯಲ್ಲಿದೆ. ಅರ್ಜಿಯನ್ನು ಸರಕು ಹೊರಡುವ ಮುಂಚೆ ಹಾಕಬೇಕು. ಬೇರೆಯವರ ಹಳೆಯ ತೀರ್ಪುಗಳನ್ನು ಓದುವಾಗ ಮೊದಲು ವರ್ಷ ನೋಡಿ. 2017ಕ್ಕೆ ಮುಂಚಿನದರಲ್ಲಿ 96.20 ಇರುವುದಿಲ್ಲ, 2022ಕ್ಕೆ ಮುಂಚಿನದರಲ್ಲಿ ಕ್ಯಾಮೆರಾ 8525.80 ಎಂದಿರುತ್ತದೆ, ಡ್ರೋನ್‌ಗೆ 88.06 ಇರುವುದಿಲ್ಲ. ಮುಂದಿನ ಆವೃತ್ತಿ 2028ರ ಜನವರಿ 1ಕ್ಕೆ ಬರಲಿದೆ, ಆಗ ಈ ಟಿಪ್ಪಣಿಯ ಸಂಖ್ಯೆಗಳನ್ನೂ ಮತ್ತೊಮ್ಮೆ ತಾಳೆ ನೋಡಬೇಕಾಗುತ್ತದೆ.